ಸ್ವಸಹಾಯದ ‘ಸ್ವ’ ಯಾರು? ‘ಎಣ್ಮಕಜೆ’ಯ ಮೂಲಕ ಒಂದು ಓದು

ಗಂಭೀರ ಕಾಯಿಲೆಯವರಿಗಾಗಿ ಬರೆದ ಸ್ವಸಹಾಯ ಕೃತಿಗಳು ಹೆಚ್ಚಾಗಿ ಏಕವಚನದಲ್ಲಿ ಮಾತಾಡುತ್ತವೆ. ಆಹಾರ ಬದಲಿಸು, ಉಸಿರನ್ನು ಗಮನಿಸು, ಮನಸ್ಸನ್ನು ತಿದ್ದಿಕೋ ಎಂಬ ಅವುಗಳ ಸಲಹೆಗಳನ್ನು ಸಾರಾಸಗಟಾಗಿ ತಳ್ಳಿಹಾಕಬೇಕಿಲ್ಲ. ಹಿತಮಿತವಾದ ವ್ಯಾಯಾಮ, ಧ್ಯಾನಗಳು ಚಿಕಿತ್ಸೆಯ ಕಾಲದ ಆಯಾಸ, ಆತಂಕಗಳನ್ನು ತಗ್ಗಿಸಬಲ್ಲವು. ತೊಡಕಿರುವುದು ಈ ಸಲಹೆಗಳ ಹಿಂದಿನ ತರ್ಕದಲ್ಲಿ. ಲೂಯಿಸ್ ಹೇ 1984ರ ‘ಯು ಕ್ಯಾನ್ ಹೀಲ್ ಯುವರ್ ಲೈಫ್’ ಕೃತಿಯಲ್ಲಿ ಒಂದೊಂದು ಕಾಯಿಲೆಗೂ ಒಂದೊಂದು ಮನೋಭಾವವನ್ನು ಕಾರಣವಾಗಿ ಪಟ್ಟಿಮಾಡಿದರು. ಗುಣವಾಗುವುದು ರೋಗಿಯ ಕೈಯಲ್ಲೇ ಇದೆ ಎಂಬ ಭರವಸೆಯು, ಗುಣವಾಗದಿದ್ದರೆ ತಪ್ಪೂ ರೋಗಿಯದೇ ಎಂಬ ಆರೋಪವಾಗಲು ತಡವಾಗದು. ಸ್ವತಃ ಕ್ಯಾನ್ಸರ್ ಚಿಕಿತ್ಸೆ ಪಡೆದ ಸೂಸನ್ ಸಾಂಟ್ಯಾಗ್ 1978ರಷ್ಟು ಹಿಂದೆಯೇ ‘ಇಲ್‌ನೆಸ್ ಆ್ಯಸ್ ಮೆಟಫರ್’ನಲ್ಲಿ ಇಂಥ ವಿವರಣೆಗಳನ್ನು ಕಟುವಾಗಿ ವಿಮರ್ಶಿಸಿದ್ದರು.

ಇದೇ ಪ್ರಶ್ನೆಯನ್ನು ಕಾಸರಗೋಡಿನ ನೆಲದಿಂದ ಎತ್ತುವ ಕೃತಿ ಅಂಬಿಕಾಸುತನ್ ಮಾಂಗಾಡ್ ಅವರ ಮಲಯಾಳ ಕಾದಂಬರಿ ‘ಎಣ್ಮಕಜೆ’ (2009). ಲೋಕಕ್ಕೆ ಬೆನ್ನು ಹಾಕಿ, ಹೆಸರುಗಳನ್ನೂ ಕಳಚಿಟ್ಟು ಕಾಡಿನಲ್ಲಿ ನೆಲೆಸಿದ ಒಂದು ಗಂಡು, ಒಂದು ಹೆಣ್ಣು ಇದರ ಕೇಂದ್ರದಲ್ಲಿದ್ದಾರೆ. ಪ್ರಕೃತಿಯ ಮಡಿಲಲ್ಲಿ ಸರಳವಾಗಿ ಬಾಳಿದರೆ ದೇಹ ಮನಸ್ಸುಗಳು ಸ್ವಸ್ಥವಾಗಿರುತ್ತವೆಂಬುದು ಸಮಗ್ರ ಜೀವನಶೈಲಿಯ ಬರಹಗಳ ಮೂಲ ನಂಬಿಕೆ. ಇವರ ಬದುಕು ಮೇಲ್ನೋಟಕ್ಕೆ ಅದರ ಆದರ್ಶರೂಪದಂತಿದೆ. ಹೆಣ್ಣು ಎತ್ತಿಕೊಂಡು ಬರುವ ಕಾಯಿಲೆಯ ಮಗುವೊಂದು ಆ ಏಕಾಂತವನ್ನು ಒಡೆಯುತ್ತದೆ. ಸರಕಾರಿ ಒಡೆತನದ ಗೇರು ತೋಟಗಳಿಗೆ ಸುಮಾರು ಎರಡು ದಶಕಗಳ ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಊರು ಅದು. ಗಮನಿಸಬೇಕಾದ ಉಸಿರಿನಲ್ಲೇ ವಿಷವಿದ್ದರೆ ಆ ಉಪದೇಶಕ್ಕೆ ಅರ್ಥವೇನು? ಜೆ. ದೇವಿಕಾ ಅವರ 2017ರ ಇಂಗ್ಲಿಷ್ ಅನುವಾದಕ್ಕೆ ‘ಸ್ವರ್ಗ’ ಎಂಬ ಹೆಸರಿದೆ. ಅದು ಎಣ್ಮಕಜೆ ಪಂಚಾಯತಿನೊಳಗಿನ ಊರೊಂದರ ಹೆಸರು. ವ್ಯಂಗ್ಯವನ್ನು ಅನುವಾದಕಿ ಸೃಷ್ಟಿಸಬೇಕಾಗಿ ಬರಲಿಲ್ಲ.

ಕಾಯಿಲೆಯ ಕಾರಣವನ್ನು ರೋಗಿಯ ಮನಸ್ಸಿನಿಂದ ಬಿಡಿಸಿ ಗಾಳಿ, ನೀರು, ಆಡಳಿತಗಳಲ್ಲಿ ಹುಡುಕಿದ್ದು ಈ ಕೃತಿಯ ದೊಡ್ಡ ಸಾಧನೆ. ಆದರೆ ಹೋರಾಟದ ಕಥನ ಬಲಗೊಂಡಂತೆ ಆರೈಕೆಯ ದಿನಚರಿ ಹಿನ್ನೆಲೆಗೆ ಸರಿಯುತ್ತದೆ. 2011ರಲ್ಲಿ ಸುಪ್ರೀಂ ಕೋರ್ಟು ಎಂಡೋಸಲ್ಫಾನನ್ನು ನಿಷೇಧಿಸಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ನೀಡಲು ಆದೇಶಿಸಿತು. ಆ ತೀರ್ಪುಗಳ ಮರುದಿನವೂ ಮಗುವಿಗೆ ಉಣಿಸಬೇಕು, ಮಗ್ಗುಲು ಬದಲಿಸಬೇಕು, ಒರೆಸಬೇಕು.

ಈ ದಿನಚರಿಗೆ ಹೆಗಲು ಕೊಡುವ ಒಂದು ಮಾದರಿಯೂ ಕೇರಳದ್ದೇ. 1993ರಲ್ಲಿ ಕೋಝಿಕ್ಕೋಡಿನಲ್ಲಿ ಆರಂಭವಾದ ನೋವು ಶಮನದ ಸೇವೆ ಕ್ರಮೇಣ ನೆರೆಹೊರೆಯ ಸ್ವಯಂಸೇವಕರ ಜಾಲವಾಗಿ ಬೆಳೆಯಿತು. 2008ರಲ್ಲಿ ರಾಜ್ಯವು ಅದಕ್ಕೊಂದು ನೀತಿಯನ್ನೇ ರೂಪಿಸಿತು. ಸ್ವಸಹಾಯದ ‘ಸ್ವ’ ಇಲ್ಲಿ ಬಹುವಚನ. ಮಲಯಾಳದಲ್ಲಿ ಇದಕ್ಕೆ ‘ಸಾಂತ್ವನ ಪರಿಚರಣ’ ಎಂಬ ಹೆಸರಿದ್ದರೆ ಕನ್ನಡದಲ್ಲಿ ನಾವು ‘ಉಪಶಾಮಕ ಆರೈಕೆ’ ಎನ್ನುತ್ತೇವೆ. ಮೊದಲನೆಯ ಹೆಸರು ಸಂತೈಸುವವರ ಮತ್ತು ಸಂತೈಕೆ ಪಡೆಯುವವರ ಸಂಬಂಧದಿಂದ ಹುಟ್ಟಿದ್ದು. ಎರಡನೆಯದರ ಕಣ್ಣು ರೋಗಲಕ್ಷಣದ ಮೇಲಿದೆ.

ಸಂಬಂಧವೇ ಮುಖ್ಯವೆಂದಾದರೆ ಅದು ಯಾವ ಭಾಷೆಯಲ್ಲಿ ಕುದುರಬೇಕೆಂಬ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾಗದು. ಕಾದಂಬರಿಯ ಭಾಷೆ ಮಲಯಾಳ. ಎಣ್ಮಕಜೆಯ ಮನೆಗಳಲ್ಲಿ ತುಳು, ಕನ್ನಡಗಳೂ ಕೇಳುತ್ತವೆ. ನೋವಿನ ಚಿಕಿತ್ಸೆ ರೋಗಿಯ ವರ್ಣನೆಯನ್ನೇ ಬಹುಮಟ್ಟಿಗೆ ಅವಲಂಬಿಸಿದೆ. ಸೆಳೆತ, ಸಿಡಿತ, ಉರಿ, ಜೋಮು ಇವು ಒಂದೇ ನೋವಿನ ಪರ್ಯಾಯಪದಗಳಲ್ಲ. ಉರಿಯುವ ನೋವು ನರಸಂಬಂಧಿಯಾಗಿದ್ದರೆ ಅದರ ಮದ್ದೇ ಬೇರೆ. ಈ ವ್ಯತ್ಯಾಸಗಳನ್ನು ಕಲಿತ ಭಾಷೆಯಲ್ಲಿ ತಡವರಿಸಿ ಹೇಳುವ ಮುದುಕಿಯೊಬ್ಬಳ ಬಾಯಲ್ಲಿ ಎಲ್ಲವೂ ಬರಿಯ ‘ನೋವು’ ಆಗಿಬಿಡಬಹುದು.

ಗಡಿಯಾಚೆಯ ಕನ್ನಡಿಗರ ಭಾಷಾ ಹಕ್ಕಿನ ನಮ್ಮ ಚರ್ಚೆ ಬಹುಪಾಲು ಶಾಲೆ, ಕಚೇರಿ, ನಾಮಫಲಕಗಳ ಸುತ್ತ ನಡೆದಿದೆ. ಅದು ರೋಗಿಯ ಹಾಸಿಗೆಯ ಬಳಿಗೂ ಬರಬೇಕು. ಗಡಿನಾಡಿನ ಕನ್ನಡ, ತುಳುಗಳಲ್ಲಿರುವ ನೋವಿನ ಪದಗಳನ್ನು ಸಂಗ್ರಹಿಸಿ, ಮನೆಮನೆಗೆ ಹೋಗುವ ದಾದಿಯರ ಕೈಗೆ ಮಲಯಾಳ ಅರ್ಥಗಳೊಂದಿಗೆ ತಲುಪಿಸುವುದು ನಮ್ಮಂಥ ದ್ವಿಭಾಷಿಕ ಅಧ್ಯಯನಕಾರರಿಂದ ಆಗಬಲ್ಲ ಕೆಲಸ.