'ಟೈಪ್' ಎಂಬ ನಂಬಿಗಸ್ತ

ಟರ್ಮಿನಲ್‌ನಲ್ಲಿ ಫೋಲ್ಡರ್‌ನಿಂದ ಫೋಲ್ಡರ್‌ಗೆ ನೆಗೆಯಲು ಝಾಕ್ಸೈಡ್ ಎಂಬ ಸಾಧನ 'ಝಡ್' ಎಂಬ ಒಂದಕ್ಷರದ ಆಜ್ಞೆ ಕೊಡುತ್ತದೆ. ಪಟ್ಟಿಯಿಂದ ಆರಿಸಿಕೊಳ್ಳಲು 'ಝಡ್‌ಐ'. ಝಡ್‌ಶೆಲ್‌ನ ಪ್ಲಗಿನ್‌ಗಳನ್ನು ನೋಡಿಕೊಳ್ಳುವ ಝಿನಿಟ್ ಕೂಡ ಅದೇ 'ಝಡ್‌ಐ'ಯನ್ನು ತನ್ನ ಅಡ್ಡಹೆಸರು (ಅಲಿಯಾಸ್) ಮಾಡಿಕೊಂಡಿದೆ. ಎರಡೂ ಇದ್ದಲ್ಲಿ ಕರೆದದ್ದು ಒಬ್ಬರನ್ನು, ಓಗೊಟ್ಟದ್ದು ಇನ್ನೊಬ್ಬರು!

ಆಗ ನಾನು ಮೊರೆಹೋಗುವುದು 'ಟೈಪ್' ಆಜ್ಞೆಗೆ. 'ಟೈಪ್ -ಎ ಝಡ್‌ಐ' ಎಂದರೆ ಸಾಕು, ಆ ಹೆಸರಿನವರನ್ನೆಲ್ಲ ಸಾಲಾಗಿ ನಿಲ್ಲಿಸುತ್ತದೆ: ಅಲಿಯಾಸ್ ಮೊದಲು, ಫಂಕ್ಷನ್ ಆಮೇಲೆ, ಡಿಸ್ಕ್‌ನಲ್ಲಿರುವ ಪ್ರೋಗ್ರಾಂ ಕೊನೆಗೆ. ಶೆಲ್ ಹುಡುಕುವ ಕ್ರಮವೂ ಅದೇ. ಎಷ್ಟು ಚೊಕ್ಕ ಕೆಲಸ! ಊಹೆಗೆ ಎಡೆಯೇ ಇಲ್ಲ.

ಕಾರಣ ತಿಳಿದ ಮೇಲೆ ಪರಿಹಾರ ಸುಲಭ. ಶೆಲ್‌ನ ಸೆಟ್ಟಿಂಗ್ ಕಡತದಲ್ಲಿ ಝಾಕ್ಸೈಡ್ ಶುರುವಾಗುವ ಸಾಲಿಗೆ '--ಸಿಎಂಡಿ ಜೆ' ಸೇರಿಸಿ. ಆಜ್ಞೆಗಳು 'ಜೆ', 'ಜೆಐ' ಆಗುತ್ತವೆ. ಆದರೆ ಅದಕ್ಕೂ ಮುಂಚೆ 'ಟೈಪ್ -ಎ ಜೆ' ಎಂದು ಕೇಳಿಬಿಡಿ. ಫೋಲ್ಡರ್‌ಗಳಿಗೆ ನೆಗೆಸುವ ಇನ್ನೊಂದು ಸಾಧನವಾದ ಆಟೋಜಂಪ್ ಬಳಸುವುದೂ ಆ ಅಕ್ಷರವನ್ನೇ.