ನೆಲೆಯ ಆಯ್ಕೆ: ಮಾಸ್ಟೊಡಾನ್ ಮತ್ತು ಕನ್ನಡ ಬರೆಹಗಾರ

೨೦೨೦ರಲ್ಲಿ ಬೆಂಗಳೂರಿನಲ್ಲಿ ತೊಡಗಿ, ಮೊದಲು ಕನ್ನಡಕ್ಕೇ ಬಾಗಿಲು ತೆರೆದ 'ಕೂ' ಜಾಲವು ೨೦೨೪ರ ಜುಲೈ ತಿಂಗಳಲ್ಲಿ ಮುಚ್ಚಿತು. ಒಡೆತನವು ಒಂದೇ ಕೈಯಲ್ಲಿದ್ದುದರಿಂದ, ಆ ಕೈ ಸೋತೊಡನೆ ಅಲ್ಲಿ ಬರೆಯುತ್ತಿದ್ದವರೆಲ್ಲರೂ ಏಕಕಾಲದಲ್ಲಿ ನೆಲೆಗೆಟ್ಟರು. ೨೦೧೬ರಲ್ಲಿ ಯೂಜೆನ್ ರೋಚ್ಕೊ ಎಂಬವರು ಹೊರತಂದ ಮಾಸ್ಟೊಡಾನಿನಲ್ಲಿ ಈ ದೋಷವಿಲ್ಲ. ಬೇರೆಬೇರೆ ಜನರು ನಡೆಸುವ ಅನೇಕ ಸರ್ವರುಗಳು ಅಲ್ಲಿ ಒಂದು ಸಾಮಾನ್ಯ ನಿಯಮದಿಂದ ಪರಸ್ಪರ ಮಾತನಾಡುತ್ತವೆ. ಹುಣಸೂರಿನವನು ಒಂದರಲ್ಲಿಯೂ ಪಿರಿಯಾಪಟ್ಟಣದವನು ಮತ್ತೊಂದರಲ್ಲಿಯೂ ಇದ್ದು ಒಬ್ಬರನ್ನೊಬ್ಬರು ಓದಬಹುದು.

ಇದರಿಂದ 'ಯಾವ ಸರ್ವರಾದರೇನು?' ಎಂಬ ವಾದವು ಹುಟ್ಟಿದೆ. ಇದು ಅರ್ಧಸತ್ಯ. ಸರ್ವರಿನ ಹೆಸರು ಬರೆಯುವವನ ಹೆಸರಿನೊಡನೆ ಅಂಟಿರುತ್ತದೆ. ಅದರ ಮೇಲ್ವಿಚಾರಕನು ಮತ್ತೊಂದು ಸರ್ವರಿನ ಸಂಬಂಧವನ್ನೇ ಕಡಿದುಹಾಕಬಲ್ಲನು. ಖಾಸಗಿ ಮಾತುಗಳೂ ಅವನ ಕಣ್ಣಿಗೆ ಮರೆಯಲ್ಲ. ಬೇಸತ್ತವನು ಬೇರೆಡೆಗೆ ಹೋಗಬಹುದು. ಹಿಂಬಾಲಕರು ಜೊತೆಗೆ ಬರುವರು, ಬರೆಹ ಮಾತ್ರ ಹಿಂದುಳಿಯುವುದು. ಹೆಗ್ಗಡದೇವನಕೋಟೆಯವರಿಗೆ ಇಂಥ ಸ್ಥಳಾಂತರವು ಹೊಸತಲ್ಲ: ೧೯೭೪ರಲ್ಲಿ ಮುಗಿದ ಕಬಿನಿ ಜಲಾಶಯಕ್ಕಾಗಿ ಜನರು ಎದ್ದುಬಂದರು, ಪುನ್ನಾಟದ ರಾಜಧಾನಿಯಾಗಿದ್ದ ಕಿತ್ತೂರು ನೀರಿನಡಿ ಉಳಿಯಿತು.

ಆದುದರಿಂದ ಕೃಷ್ಣರಾಜನಗರದ ತರುಣ ಕವಿಯು ಸೇರುವ ಮುನ್ನ ವಿಚಾರಿಸತಕ್ಕುದು ಸದಸ್ಯರ ಸಂಖ್ಯೆಯನ್ನಲ್ಲ. ನಿಯಮಗಳೇನು, ಖರ್ಚು ಯಾರದು, ಪ್ರತಿದಿನವೂ ಬರೆಹದ ಪ್ರತಿಯನ್ನು ತೆಗೆದಿಡುವರೇ, ಮುಚ್ಚುವುದಾದರೆ ಮೂರು ತಿಂಗಳ ಮುನ್ಸೂಚನೆಯುಂಟೇ ಎಂಬಿವನ್ನು ವಿಚಾರಿಸಬೇಕು. ಮಾಸ್ಟೊಡಾನಿನ ಅಧಿಕೃತ ಪಟ್ಟಿಗೆ ಸೇರುವ ಸರ್ವರುಗಳು ಕೊನೆಯ ಎರಡಕ್ಕೆ ಮಾತು ಕೊಡಲೇಬೇಕು. ಉಳಿದೆರಡನ್ನು ಪರಿಶೀಲಿಸುವ ಹೊಣೆ ಕವಿಯದು. ತನ್ನ ಬರೆಹದ ಒಂದು ಪ್ರತಿಯನ್ನು ಮನೆಯಲ್ಲಿಟ್ಟುಕೊಳ್ಳುವ ಹೊಣೆಯೂ ಅವನದೇ.