ಹಾವಾಡಿಗನೆಂಬ ಬಿರುದು

ಕವಿಗೊಂದು ಬಿರುದು ಕೊಟ್ಟುಬಿಟ್ಟರೆ ಆತನ ಕಾವ್ಯವನ್ನು ಓದುವ ಶ್ರಮ ಅರ್ಧಕ್ಕರ್ಧ ತಪ್ಪಿತೆಂದು ತಿಳಿಯುವವರು ನಮ್ಮಲ್ಲುಂಟು. ಆಟಗಾರರ ಪಾಡೂ ಇದಕ್ಕಿಂತ ಬೇರೆಯಲ್ಲ. ಬೆಂಗಳೂರಿನ ಅಹಮದ್ ಖಾನರನ್ನು ಫುಟ್ಬಾಲ್ ರಸಿಕರು 'ಹಾವಾಡಿಗ'ನೆಂದು ಕರೆದರು. ಚೆಂಡು ಅವರ ಕಾಲ ಬಳಿ ಪುಂಗಿಗೆ ಮರುಳಾದ ಹಾವಿನಂತೆ ಆಡುತ್ತಿತ್ತೆಂಬುದು ಅದರ ಅರ್ಥ. ಹೆಸರು ಸೊಗಸಾಗಿದೆ, ಕೊಟ್ಟವರ ಪ್ರೀತಿಯನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ಬಿರುದು ಬಂದ ಮೇಲೆ ಆಟದ ವಿಚಾರ ನಿಂತುಹೋಯಿತು. ಅವರ ಮೇಲೆ ಬರೆದುದನ್ನು ಓದಿದಾಗಲೆಲ್ಲ ನನಗೆ ಮೂರೇ ಮಾತು ಸಿಗುತ್ತವೆ: ಹಾವಾಡಿಗ, ಬರಿಗಾಲು, ಫುಟ್ಬಾಲ್ ಮನೆತನ. ಈ ಮೂರನ್ನೂ ಕೊಂಚ ಒರೆಗೆ ಹಚ್ಚಿ ನೋಡುವುದು ಒಳ್ಳೆಯದು.

ಮೊದಲು ಮನೆತನದ ಮಾತು. ಅಹಮದ್ ಖಾನರು ಹುಟ್ಟಿದ್ದು 1926ರ ಡಿಸೆಂಬರಿನಲ್ಲಿ. ತಂದೆ ಫುಟ್ಬಾಲ್ ಆಟಗಾರರು, ಒಡಹುಟ್ಟಿದವರಲ್ಲಿಯೂ ಆಟಗಾರರಿದ್ದರು. 'ರಕ್ತದಲ್ಲಿಯೇ ಬಂದದ್ದು' ಎಂದು ಹೇಳಿ ಮುಗಿಸುವುದು ಸುಲಭ. ಆದರೆ ಅದು ಹೊಗಳಿಕೆಯ ವೇಷದಲ್ಲಿ ಬಂದ ಅನ್ಯಾಯವೆಂದು ನನಗೆ ತೋರುತ್ತದೆ. ಸಂಗೀತಗಾರರ ಮನೆಯಲ್ಲಿ ಹುಟ್ಟಿದ ಮಗುವಿಗೆ ಕಂಠ ಹುಟ್ಟಿನಿಂದ ಬರುವುದಿಲ್ಲ. ಶ್ರುತಿ ತಪ್ಪಿದ್ದು ಬೇಗ ತಿಳಿಯುತ್ತದೆ, ಅಷ್ಟೆ. ತಿಳಿದ ಮೇಲೆ ಸಾಧಕ ಮಾಡಬೇಕಾದವನು ಅವನೇ. ಮನೆತನ ಕೊಡುವುದು ಕಿವಿಯನ್ನು, ಕಂಠವನ್ನಲ್ಲ.

ಅದೂ ಅಲ್ಲದೆ ಮನೆಯ ಗೋಡೆಯಾಚೆ ಊರೊಂದಿತ್ತು. ಬೆಂಗಳೂರಿನ ದಂಡು ಪ್ರದೇಶದಲ್ಲಿ ಆಟವನ್ನು ತಂದವರು ಬಿಳಿಯ ಸಿಪಾಯಿಗಳು. ಅವರೆದುರು ಆಡಿ ಪಳಗಿದವರು ನಮ್ಮ ಹುಡುಗರು. ಮುಂಬಯಿಯ ರೋವರ್ಸ್ ಕಪ್ಪು ಬಹುಕಾಲ ಸೈನ್ಯದ ಪಡೆಗಳ ಸೊತ್ತಾಗಿತ್ತು. ಅದನ್ನು 1937ರಲ್ಲಿ ಗೆದ್ದುತಂದದ್ದು ಬೆಂಗಳೂರು ಮುಸ್ಲಿಮ್ಸ್ ತಂಡ. ಮರುವರ್ಷವೂ ಅದೇ ಗೆದ್ದಿತು. ಆಗ ಅಹಮದ್ ಖಾನರು ಹತ್ತು ಹನ್ನೊಂದರ ಹುಡುಗ. ಬಲಿಷ್ಠರನ್ನು ಸೋಲಿಸುವುದು ಸಾಧ್ಯವೆಂಬುದನ್ನು ಊರೇ ಕಲಿಸುತ್ತಿದ್ದ ಕಾಲದಲ್ಲಿ ಬೆಳೆದ ಹುಡುಗನ ಯಶಸ್ಸನ್ನು ಒಂದು ಮನೆಯ ರಕ್ತಕ್ಕೆ ಕಟ್ಟುವುದು ಸಲ್ಲದು. 1948ರಲ್ಲಿ ಲಂಡನ್ ಒಲಿಂಪಿಕ್ಸಿಗೆ ಹೋದ ತಂಡದಲ್ಲಿ ಅವರೊಡನೆ ಸಾರಂಗಪಾಣಿ ರಾಮನ್, ಧನರಾಜ್ ಮುಂತಾದ ಬೆಂಗಳೂರಿಗರಿದ್ದರು. ಫ್ರಾನ್ಸಿನೆದುರು ನಮಗೆ ಸಿಕ್ಕ ಎರಡು ಪೆನಾಲ್ಟಿ ವ್ಯರ್ಥವಾಗಿ, 2-1ರಿಂದ ಸೋತೆವು. ಆ ಒಂದು ಗೋಲು ರಾಮನ್ ಅವರದು.

ಇನ್ನು ಬರಿಗಾಲು. ಆ ಪಂದ್ಯದಲ್ಲಿ ನಮ್ಮವರಲ್ಲಿ ಬಹುಮಂದಿ ಬೂಟಿಲ್ಲದೆ ಆಡಿದರು. ಇದನ್ನು ಒಬ್ಬರು ಬಡತನವೆಂದು ಕರೆದು ಕನಿಕರಿಸುತ್ತಾರೆ. ಮತ್ತೊಬ್ಬರು ದೈವದತ್ತವಾದ ಚಮತ್ಕಾರವೆಂದು ಕೈಮುಗಿಯುತ್ತಾರೆ. ಎರಡೂ ನನಗೆ ಒಪ್ಪಿಗೆಯಿಲ್ಲ. ನಾನಿರುವ ಅಣಶಿ ಘಟ್ಟದಲ್ಲಿ ಮಳೆ ಹಿಡಿದರೆ ತಿಂಗಳುಗಟ್ಟಲೆ ಬಿಡುವುದಿಲ್ಲ. ಇಲ್ಲಿ ಬರಿಗಾಲಲ್ಲಿ ನಡೆದವರಿಗೆ ಗೊತ್ತು: ಒಣನೆಲದಲ್ಲಿ ಅಂಗಾಲು ಕಣ್ಣಿನಂತೆ ಕೆಲಸ ಮಾಡುತ್ತದೆ, ಅದೇ ಅಂಗಾಲು ಜಾರುವ ಕೆಸರಿನಲ್ಲಿ ಕುರುಡು. ಬರಿಗಾಲಿನ ಆಟವೂ ಹೀಗೆಯೇ. ಚೆಂಡಿನ ಸ್ಪರ್ಶ ಸೂಕ್ಷ್ಮವಾಗುತ್ತದೆ, ನಿಜ; ಒದ್ದೆ ಮೈದಾನದಲ್ಲಿ ಹಿಡಿತ ತಪ್ಪುತ್ತದೆ, ಅದೂ ನಿಜ. ಅದು ಗುಣದೋಷಗಳೆರಡೂ ಇದ್ದ ಒಂದು ಕ್ರಮ, ಮಂತ್ರವಲ್ಲ.

ಇದಕ್ಕೆ ಕಾಲವೇ ಸಾಕ್ಷಿ ಹೇಳಿತು. 1952ರ ಜುಲೈಯಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ಯುಗೋಸ್ಲಾವಿಯ ನಮ್ಮನ್ನು 10-1ರಿಂದ ಸೋಲಿಸಿತು. ಎದುರಾಳಿಗಳು ಸಾಮಾನ್ಯರಲ್ಲ, ಆ ಸಲ ಬೆಳ್ಳಿಯ ಪದಕ ಪಡೆದವರು. ನಮ್ಮ ಒಂದೇ ಗೋಲನ್ನು ಪಂದ್ಯ ಮುಗಿಯುವ ಹೊತ್ತಿಗೆ ಹೊಡೆದವರು ಅಹಮದ್ ಖಾನರು. 'ಮಾನ ಉಳಿಸಿದ ಗೋಲು' ಎಂದು ಅದನ್ನು ವರ್ಣಿಸುವುದುಂಟು. ಹತ್ತು ಗೋಲುಗಳ ನಂತರ ಒಂದು ಗೋಲಿನಿಂದ ಮಾನ ಉಳಿಯುವುದಿಲ್ಲ. ಆದರೆ ಪಂದ್ಯ ಕೈಬಿಟ್ಟುಹೋದ ಮೇಲೂ ಗೋಲಿನ ದಾರಿ ಹುಡುಕುವುದನ್ನು ಬಿಡದ ಮನಸ್ಸು ಅದರಲ್ಲಿ ಕಾಣುತ್ತದೆ. ನನಗೆ ಅದು ಮಾನಕ್ಕಿಂತ ದೊಡ್ಡದು. ಆ ಸೋಲಿನ ಬಳಿಕ ಭಾರತದ ಆಟಗಾರರಿಗೆ ಬೂಟು ಕಡ್ಡಾಯವಾಯಿತು. ಅಹಮದ್ ಖಾನರ ವಿದ್ಯೆ ಬರಿಯ ಅಂಗಾಲಿನಲ್ಲಿದ್ದಿದ್ದರೆ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ, ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದಲ್ಲಿ ಅವರು 1959ರವರೆಗೂ ಇದ್ದರು.

ಹಾವಾಡಿಗನ ಉಪಮೆ ಸೋಲುವುದೂ ಇಲ್ಲಿಯೇ. ಹಾವಾಡಿಗ ಒಬ್ಬನೇ ಆಡುವವನು. ಅವನ ಆಟ ನೋಡುಗರ ಬೆರಗಿಗಾಗಿ. ಅಹಮದ್ ಖಾನರದು ಮುಂಚೂಣಿಯ ಐವರಲ್ಲಿ ಎಡ ಒಳಗಿನ ಸ್ಥಾನ. ಹಿಂದಿನವರಿಂದ ಚೆಂಡನ್ನು ಪಡೆದು, ಎದುರಾಳಿಯನ್ನು ತನ್ನತ್ತ ಸೆಳೆದು, ತೆರವಾದ ಜಾಗಕ್ಕೆ ಬೇರೊಬ್ಬರನ್ನು ಕಳಿಸುವುದು ಆ ಸ್ಥಾನದ ಧರ್ಮ. ಅಲ್ಲಿನ ಚಳಕ ಪ್ರದರ್ಶನವಲ್ಲ, ಸಿದ್ಧತೆ. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹಮದ್ ಖಾನ್, ಸಾಲೇ ಈ ಐವರನ್ನು ಬಂಗಾಳಿಗಳು 'ಪಂಚಪಾಂಡವರು' ಎಂದು ಕರೆದರು. ಒಬ್ಬರೂ ಬಂಗಾಳದವರಲ್ಲ, ಎಲ್ಲರೂ ದಕ್ಷಿಣದಿಂದ ಹೋದವರು. 1949ರಿಂದ 1951ರವರೆಗೆ ಐ.ಎಫ್.ಎ. ಶೀಲ್ಡು ಸತತ ಮೂರು ಸಲ ಈಸ್ಟ್ ಬೆಂಗಾಲಿಗೆ ಬಂತು. 1951, 1952ರಲ್ಲಿ ಡ್ಯೂರಾಂಡ್ ಕಪ್ಪೂ ಬಂತು. ಎರಡು ಬಿರುದುಗಳಲ್ಲಿ ಒಂದನ್ನು ಆರಿಸೆಂದರೆ ನಾನು ಈ ಎರಡನೆಯದನ್ನೇ ಆರಿಸುವೆನು. ಅದರಲ್ಲಿ ಅಹಮದ್ ಖಾನರೊಡನೆ ಅವರ ಜೊತೆಗಾರರೂ ಉಳಿಯುತ್ತಾರೆ.

1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನನ್ನು ಸೋಲಿಸಿ ಚಿನ್ನ ಗೆದ್ದ ತಂಡದಲ್ಲಿಯೂ ಅವರಿದ್ದರು. 2017ರ ಆಗಸ್ಟಿನಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ಹುಟ್ಟಿದ ಊರಿನಲ್ಲಿಯೇ ತೀರಿಕೊಂಡರು. ಊರು ಅವರನ್ನು ಹೆತ್ತಿತು. ನೆನಪನ್ನು ಸಾಕಿದ್ದು ಕಲ್ಕತ್ತೆ. ಅಲ್ಲಿಯ ಜನ ಪ್ರೀತಿಯಿಂದ ಕೊಟ್ಟ ಹೆಸರನ್ನೇ ನಾವು ಎರವಲು ತಂದು ನಮ್ಮ ಅಭಿಮಾನವೆಂದು ಹೇಳಿಕೊಳ್ಳುತ್ತಿದ್ದೇವೆ.

ಅಭಿಮಾನಕ್ಕೆ ಅಷ್ಟು ಸಾಲದು. ಒಂದು ರಾಗದ ಸಂಚಾರವನ್ನೂ ಯಕ್ಷಗಾನದ ಒಂದು ಹೆಜ್ಜೆಯನ್ನೂ ಬಿಡಿಸಿ ಹೇಳಬಲ್ಲ ಮಾತು ಕನ್ನಡದಲ್ಲಿದೆ. ಚೆಂಡನ್ನು ಕಾಲಲ್ಲಿಟ್ಟುಕೊಂಡು ಒಂದು ಕ್ಷಣ ತಡೆದು, ಪಕ್ಕದವನಿಗೆ ದಾರಿಮಾಡಿಕೊಡುವ ಆಟಗಾರನ ವಿವೇಕವನ್ನು ಹೇಳಲು ಮಾತ್ರ ಅದಕ್ಕೆ ಮಾತಿಲ್ಲವೆಂದು ನಾನು ನಂಬಲಾರೆ. ಅಹಮದ್ ಖಾನರ ಆಟವನ್ನು ಕಂಡ ಮುದುಕರು ಇನ್ನು ಕೆಲವರಿರಬಹುದು. ಅವರ ಮುಂದೆ ಕುಳಿತು ಕೇಳಿ, ಬರೆದಿಡುವ ಕೆಲಸ ಬಿರುದು ಹೇಳುವಷ್ಟು ಸುಲಭವಲ್ಲ. ಅದಕ್ಕೆ ಕಾಲವೂ ಬಹಳ ಉಳಿದಿಲ್ಲ.